ನಾಲ್ಕು, ನಾಲ್ಕು, ಒಟ್ಟು ಹದಿನೆಂಟು

ಕಳೆದ ತಿಂಗಳು ಬೀರೂರಿನಲ್ಲಿ ರೈಲು ಬದಲಿಸಲು ಇಳಿದೆ. ಸ್ಟೇಷನ್ನಿನ ಹೊರಗಿನ ಗೋಡೆಗೆ ಒಬ್ಬಾತ ನಾಟಕದ ಪೋಸ್ಟರ್ ಹಚ್ಚುತ್ತಿದ್ದ. ಕಾಲ ಬಳಿ ಬಕೆಟ್ಟು, ಬಕೆಟ್ಟಿನಲ್ಲಿ ಮೈದಾ ಅಂಟು. ಬೆಂದು ಆರಿದ ಹಿಟ್ಟಿನ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಏಳೆಂಟು ವರ್ಷದ ಹಿಂದಿನ ಒಂದು ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು. ಇಡಿಯಾಗಿ ಎಂದೆನಲ್ಲ, ಅಲ್ಲೇ ನನಗೆ ಅನುಮಾನ. ನಾನು ಇತಿಹಾಸ ಓದಿದವನು. ಆಧಾರವಿಲ್ಲದ ಮಾತನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಪಕ್ಕಕ್ಕಿಡಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಚೆನ್ನಾಗಿದ್ದರೆ ಇನ್ನೂ ದೂರ ಇಡಬೇಕು ಎಂದು ಆಮೇಲೆ ನಾನೇ ಕಲಿತುಕೊಂಡೆ. ಆದರೆ ವಾಸನೆಯ ಹತ್ತಿರ ಆಧಾರ ಕೇಳುವುದು ಹೇಗೆ?

ಆ ವರ್ಷ ನಾನು ಕಡೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಯಾವ ಊರಿನಲ್ಲೂ ಪುಸ್ತಕದ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಿದವನಲ್ಲ ನಾನು. ಅಲ್ಲೂ ಅರ್ಧ ಬಿಚ್ಚಿ, ಇನ್ನರ್ಧವನ್ನು ಮೇಜು ಮಾಡಿಕೊಂಡಿದ್ದೆ. ಜೂನ್ ತಿಂಗಳಲ್ಲಿ ಪಾಕ್ಷಿಕ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ ಗೆಳೆಯ ಫೋನು ಮಾಡಿ, ಕನ್ನಡದಲ್ಲಿ ಹೊಸದಾಗಿ ಬರುತ್ತಿರುವ ಕಾಮಿಕ್ಸ್ ಪುಸ್ತಕಗಳ ಬಗ್ಗೆ ಒಂದು ಪುಟ ಬರೆದುಕೊಡುತ್ತೀಯಾ ಎಂದ. ಕಾಮಿಕ್ಸ್ ಎಂದರೆ ಮಕ್ಕಳ ಸಾಮಾನು ಎಂದು ಉಳಿದ ಪತ್ರಿಕೆಗಳು ಕೈಬಿಟ್ಟಿದ್ದವು, ಹಾಗಾಗಿ ಅವುಗಳ ಬಗ್ಗೆ ನಾಲ್ಕು ಸಾಲು ಬರೆಯುವವರು ನಾವೊಬ್ಬರೇ ಆಗುತ್ತಿದ್ದೆವು. ಒಂದೇ ಷರತ್ತು: ಕಥೆಗೆ ಹತ್ತಕ್ಕೆ ಇಷ್ಟು, ಚಿತ್ರಕ್ಕೆ ಹತ್ತಕ್ಕೆ ಇಷ್ಟು, ಒಟ್ಟು ಇಪ್ಪತ್ತಕ್ಕೆ ಇಷ್ಟು ಎಂದು ಕೊನೆಯಲ್ಲಿ ಅಂಕ ಹಾಕಬೇಕು.

ಚಿತ್ರದ ವಿಷಯ ನನಗೆ ತಿಳಿಯದು. ಕಥೆಯಂತೂ, ಓದುವಾಗಲೇ ಅದನ್ನು ಪಕ್ಕಕ್ಕೆ ಸರಿಸಿ ಹಿಂದೆ ಏನಿದೆ ಎಂದು ಇಣುಕುವ ರೋಗ. ಅದಕ್ಕೇ ಇಬ್ಬರನ್ನು ಜೊತೆ ಮಾಡಿಕೊಂಡೆ. ಚಿತ್ರಕ್ಕೆ ತರೀಕೆರೆಯ ರಾಜಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಇಸ್ತ್ರಿ ಅಂಗಿ, ಜೇಬಿನಲ್ಲಿ ಮೂರು ಥರದ ಪೆನ್ಸಿಲು. ಕಥೆಗೆ ಅಜ್ಜಂಪುರದ ಜಯಕ್ಕ. ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದ ಅವಳು ಊರಿನಲ್ಲಿ ಸಿಕ್ಕ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿ, ಮುಗಿದವುಗಳ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ಇಬ್ಬರೂ ನನಗೆ ಪರಿಚಯವಾದದ್ದು ರೈಲಿನಲ್ಲಿ, ಬೇರೆ ಬೇರೆ ದಿನ, ಇಬ್ಬರೂ ನನ್ನ ಕೈಯಲ್ಲಿದ್ದ ಪುಸ್ತಕವನ್ನು ಬೈದಿದ್ದರಿಂದ.

ಸೇರಲು ಬೀರೂರೇ ಸರಿ ಎಂದು ಯಾರೂ ಕೂತು ತೀರ್ಮಾನಿಸಲಿಲ್ಲ. ತರೀಕೆರೆಯ ರೈಲೂ ಅಜ್ಜಂಪುರದ ರೈಲೂ ಅಲ್ಲಿಗೇ ಬರುತ್ತಿದ್ದವು. ನಾನು ಕಡೂರಿನಲ್ಲಿ ಬಸ್ಸು ಹತ್ತಿ ಟಿಕೆಟ್ಟು ಮಡಚಿ ಜೇಬಿಗಿಡುವಷ್ಟರಲ್ಲಿ ಬೀರೂರು. ಸ್ಟೇಷನ್ ರಸ್ತೆಯ ಒಂದು ಹೋಟೆಲಿನಲ್ಲಿ ಕೈ ತೊಳೆಯುವ ಜಾಗದ ಪಕ್ಕದ ಟೇಬಲ್ಲು ನಮ್ಮದು, ಬೇರೆ ಯಾರೂ ಕೂರಲು ಇಷ್ಟಪಡದ ಟೇಬಲ್ಲು. ಭಾನುವಾರ ಬೆಳಿಗ್ಗೆ ಮೇಷ್ಟ್ರು ನೀರು ಸೋರುವ ಕೊಡೆ ಹಿಡಿದು ಇಳಿಯುತ್ತಿದ್ದರು. ಜಯಕ್ಕನ ಚಪ್ಪಲಿಗೆ ಅಜ್ಜಂಪುರದ ಎರೆಮಣ್ಣು ಮೆತ್ತಿ ಅವಳು ಎರಡು ಬೆರಳು ಎತ್ತರವಾಗಿರುತ್ತಿದ್ದಳು. ನನ್ನ ತಲೆಯಲ್ಲಿ ಕಡೂರಿನ ಧೂಳು. ನಮ್ಮಲ್ಲಿ ಮೋಡ ಬರುತ್ತಿತ್ತು, ಗಾಳಿ ಬೀಸುತ್ತಿತ್ತು, ಮಳೆ ಮಾತ್ರ ತರೀಕೆರೆಗೆ ಹೋಗಿ ಇಳಿಯುತ್ತಿತ್ತು. ಒಂದೇ ಟೇಬಲ್ಲಿಗೆ ಮೂರು ಊರಿನ ಮೂರು ಹವೆ. ಇದು ತೀರಾ ಅಚ್ಚುಕಟ್ಟಾಗಿದೆ, ಗೊತ್ತು. ಪ್ರತಿ ಭಾನುವಾರವೂ ಹೀಗೇ ಇದ್ದಿರಲಾರದು. ಬಹುಶಃ ಒಂದು ಸಲ ಹೀಗಾಗಿ, ಉಳಿದವೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಂತಿರಬೇಕು.

ಮೊದಲ ಪುಸ್ತಕಕ್ಕೇ ಜಗಳವಾಯಿತು. ಅದೊಂದು ನಾಯಿಯ ಕಥೆ, ಕೊನೆಯಲ್ಲಿ ನಾಯಿ ಸಾಯುತ್ತದೆ. ಮೇಷ್ಟ್ರು ಹೋಟೆಲಿನಲ್ಲೇ ಕಣ್ಣೊರೆಸಿಕೊಂಡು ಚಿತ್ರಕ್ಕೆ ಒಂಬತ್ತು ಹಾಕಿದರು. ಆ ಅಂಕ ಪತ್ರಿಕೆಯಲ್ಲಿ ಅಚ್ಚಾಗಿ ಬಂದ ಮೇಲೆ ಜಯಕ್ಕ ಪುಸ್ತಕ ತೆರೆದು ಟೇಬಲ್ಲಿನ ಮೇಲಿಟ್ಟಳು.

"ಮೇಷ್ಟ್ರೇ, ಈ ನಾಯಿಗೆ ಎಷ್ಟು ಕಾಲು?"

"ಎಷ್ಟಿರ್ತವೆ? ನಾಲ್ಕು."

"ಎಣಿಸ್ರಿ."

ಓಡುತ್ತಿದ್ದ ನಾಯಿಗೆ ಐದು ಕಾಲಿದ್ದವು.

"ನೀವು ಅಳೋದ್ರಲ್ಲಿ ಎಣಿಸ್ಲೇ ಇಲ್ಲ ಕಣ್ರೀ," ಎಂದಳು ಜಯಕ್ಕ.

ಮೇಷ್ಟ್ರು ಅದನ್ನು ಮರೆಯಲಿಲ್ಲ. ಮುಂದಿನ ಪುಸ್ತಕ ಒಬ್ಬ ರಾಜನದು. ಕಥೆ ಎಂಬುದು ಹೆಸರಿಗೆ ಮಾತ್ರ ಇತ್ತು, ಆದರೆ ರಾಣಿಯರ ಸೀರೆಗಳನ್ನು ಒಂದೊಂದು ಎಳೆಯೂ ಕಾಣುವಂತೆ ಬರೆದಿದ್ದರು. ಜಯಕ್ಕ ಕಥೆಗೆ ಎಂಟು ಹಾಕಿದಳು.

"ಏನಮ್ಮಾ, ಸೀರೆ ಅಂಚಿಗೆ ಎಂಟಾ?" ಎಂದು ಮೇಷ್ಟ್ರು ನಕ್ಕರು. ಜಯಕ್ಕ ತನ್ನ ಕಾಫಿಯನ್ನು ಹಾಗೇ ಬಿಟ್ಟು ರೈಲಿಗೆ ಹೋದಳು.

ಹಾಗೆ ಹುಟ್ಟಿದ್ದು ನಮ್ಮ ಪದ್ಧತಿ. ಕಥೆ ನೋಡುವವರಿಗೆ ಚಿತ್ರ ಕಾಣಬಾರದು, ಚಿತ್ರ ನೋಡುವವರಿಗೆ ಮಾತು ಕಾಣಬಾರದು. ಇದು ನನ್ನ ಉಪಾಯ ಎಂದು ನನಗೆ ನೆನಪು. ತನ್ನದು ಎಂದು ಜಯಕ್ಕ ಇಂದಿಗೂ ಹೇಳುತ್ತಾಳೆ. ಯಾರದಾದರೇನು, ದುಡಿತ ನನ್ನದಾಯಿತು. ಪ್ರಕಾಶಕರು ಕಳಿಸುತ್ತಿದ್ದುದು ಒಂದೇ ಪ್ರತಿ. ಚಿತ್ರದವರ ಬಾಯಿಂದ ಹೊರಟ ಗುಳ್ಳೆಗಳೊಳಗಿನ ಮಾತನ್ನೆಲ್ಲ ಮೊಬೈಲಿನಲ್ಲಿ ಟೈಪು ಮಾಡಿ ಜಯಕ್ಕನಿಗೆ ಕಳಿಸುತ್ತಿದ್ದೆ. ಆಮೇಲೆ ಪಂಪ್ ಸ್ಟೌ ಹಚ್ಚಿ ಮೈದಾ ಬೇಯಿಸಿ, ಬಿಳಿ ಕಾಗದದ ಚೂರುಗಳಿಗೆ ಒಂದು ಅಂಚಿನಲ್ಲಿ ಮಾತ್ರ ಅಂಟು ಸವರಿ, ಪ್ರತಿಯೊಂದು ಗುಳ್ಳೆಯ ಮೇಲೂ ಹಚ್ಚಿ, ಒಣಗಿಸಿ, ಪುಸ್ತಕವನ್ನು ಮೇಷ್ಟ್ರಿಗೆ ಮುಟ್ಟಿಸುತ್ತಿದ್ದೆ. ಅಂಗಡಿಯಲ್ಲಿ ಸಿಗುವ ಹಳದಿ ಅಂಟುಚೀಟಿ ಸಾಕಲ್ಲವೇ ಎಂದು ಕೇಳಿದ್ದೆ. "ಹಳದಿ ಪಕ್ಕದಲ್ಲಿ ನೀಲಿ ಕೆಟ್ಟೋಗ್ತದೆ ಕಣಪ್ಪ, ಪಾಪ ಅದನ್ನ ಬರೆದೋನಿಗೆ ಯಾಕೆ ಮೋಸ?" ಎಂದಿದ್ದರು ಮೇಷ್ಟ್ರು. ಇಬ್ಬರೂ ಶನಿವಾರದೊಳಗೆ ಅಂಕ ಹಾಕಬೇಕು, ಹಾಕಿದ ಮೇಲೆ ತಿದ್ದುವಂತಿಲ್ಲ. ಜಯಕ್ಕ ತನ್ನದನ್ನು ನನ್ನ ಮೊಬೈಲಿಗೆ ಕಳಿಸುವಳು, ಮೇಷ್ಟ್ರು ಪುಸ್ತಕದ ಕೊನೆಯ ಹಾಳೆಯಲ್ಲಿ ಇಂಕಿನಲ್ಲಿ ಬರೆದು ಸಹಿ ಮಾಡುವರು. ಪದ್ಧತಿ ಚೆನ್ನಾಗಿಯೇ ನಡೆಯಿತು. ಒಂದೇ ಮುಖವನ್ನು ಎಲ್ಲ ದೇವಿಯರಿಗೂ ಅಂಟಿಸಿದ್ದ ಪುಸ್ತಕ ಸಿಕ್ಕಿಬಿದ್ದಿತು. ಹಾರುವ ವೀರನೊಬ್ಬನ ಪುಸ್ತಕದಲ್ಲಿ ವೀರನಿಗೆ ಹೇಳಲು ಏನೂ ಇಲ್ಲ ಎಂಬುದೂ ಸಿಕ್ಕಿಬಿದ್ದಿತು. ಯಾರೂ ನಮಗೆ ಮೋಸ ಮಾಡಲಾರರು ಎಂಬ ಜಂಬ ಮೂವರಿಗೂ ಬಂದಿತ್ತು.

ಆಗಸ್ಟಿನಲ್ಲಿ ಪವಿತ್ರ ಬಂದಳು. ಪಂಚನಹಳ್ಳಿಯ ಹುಡುಗಿ, ಇಪ್ಪತ್ತೈದರ ಒಳಗಿನ ವಯಸ್ಸು. ಪುಸ್ತಕವನ್ನು ಅಂಚೆಗೆ ಹಾಕದೆ ತಾನೇ ಕಡೂರಿಗೆ ಬಸ್ಸಿನಲ್ಲಿ ತಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕಥೆಯೂ ಅವಳದೇ, ಚಿತ್ರವೂ ಅವಳದೇ. ತೆಳ್ಳನೆಯ ಪುಸ್ತಕ, ಕಪ್ಪು ಬಿಳುಪು.

"ಇದು ಮೊದಲನೇ ಭಾಗ ಸಾರ್. ಎರಡನೇದು ಪೆನ್ಸಿಲಲ್ಲಿ ಬರ್ದಿಟ್ಟಿದೀನಿ. ನಿಮ್ ಪುಟದಲ್ಲಿ ಏನ್ ಬರುತ್ತೋ ನೋಡ್ಕಂಡು ಹೇಳ್ತೀನಿ ಅಂದವ್ರೆ ಪ್ರಕಾಶಕರು."

"ಚೆನ್ನಾಗಿ ಬರದಿದ್ದರೆ?"

"ಬೀರೂರಲ್ಲಿ ಫ್ಲೆಕ್ಸ್ ಅಂಗಡಿಗೆ ಕರೀತಾವ್ರೆ. ಹುಟ್ಟುಹಬ್ಬ, ಶ್ರದ್ಧಾಂಜಲಿ ಬ್ಯಾನರ್ ಮಾಡೋದು. ಮನೇಲೂ ಹೇಳ್ಬಿಟ್ಟಿದೀನಿ, ಎರಡನೇ ಭಾಗ ಬರ್ಲಿಲ್ಲ ಅಂದ್ರೆ ಪೆನ್ಸಿಲ್ ಮುಟ್ಟಲ್ಲ ಅಂತ." ಸ್ವಲ್ಪ ತಡೆದು, "ಸುಮ್ನೆ ಹೇಳಿದ್ದಲ್ಲ ಸಾರ್," ಎಂದಳು.

ಅವಳ ಹೆಸರನ್ನು ನಾನು ಇಬ್ಬರಿಗೂ ಹೇಳಲಿಲ್ಲ, ಅದೂ ಪದ್ಧತಿಯೇ. ಟೈಪು ಮಾಡಿದೆ, ಅಂಟು ಹಚ್ಚಿದೆ. ಎರಡೂ ಕೈಕೆಲಸ, ಕೈಕೆಲಸದ ಹೊತ್ತಿನಲ್ಲಿ ಪುಸ್ತಕ ಓದಿದಂತಾಗುವುದಿಲ್ಲ. ಶನಿವಾರ ಜಯಕ್ಕನ ಅಂಕ ಬಂತು: ಕಥೆಗೆ ನಾಲ್ಕು. ಭಾನುವಾರ ಮೇಷ್ಟ್ರು ಪುಸ್ತಕದ ಕೊನೆಯ ಹಾಳೆ ತೋರಿಸಿದರು: ಚಿತ್ರಕ್ಕೆ ನಾಲ್ಕು.

"ನಾಲ್ಕು ಯಾಕೆ ಮೇಷ್ಟ್ರೇ?" ಎಂದೆ.

"ಕೈ ಐತೆ, ಹುಡುಗೀದೋ ಹುಡುಗಂದೋ, ಕೈ ಐತೆ. ಆದ್ರೆ ನೋಡು ಇಲ್ಲಿ, ಪುಟಪುಟಕ್ಕೂ ಖಾಲಿ ಮಂಚ. ಖಾಲಿ ಮಂಚದ ಮೇಲೆ ಮಡಚಿಟ್ಟ ಕಂಬಳಿ. ಎರಡು ಹೆಂಗಸ್ರು ತಲೆ ಬಗ್ಸಿ ಕೂತವ್ರೆ. ಸಾವಿನ ಮನೆ ಅಂತ ಮೊದಲ್ನೇ ಚೌಕದಲ್ಲೇ ಗೊತ್ತಾಯ್ತಲ್ಲ, ಮತ್ತೂ ಮತ್ತೂ ಯಾಕೆ? ನೋಡೋನ ಕತ್ತು ಹಿಡ್ದು ಅಳ್ಸೋಕೆ ನಿಂತಂಗೈತೆ. ಒಂದ್ಸಲ ನಾಯಿ ಹತ್ರ ಅತ್ತು ಬುದ್ಧಿ ಬಂದೈತೆ ನಂಗೆ."

"ಯಾರ ಸಾವು?" ಎಂದಳು ಜಯಕ್ಕ. "ನಂಗೆ ಬಂದಿರೋದ್ರಲ್ಲಿ ಸಾವೇ ಇಲ್ವಲ್ರೀ. ಬರೀ ಉಪ್ಪಿನಕಾಯಿ."

"ಉಪ್ಪಿನಕಾಯಾ?"

"ಮೊದ್ಲಿಂದ ಕೊನೆಗಂಟ. ಅಕ್ಕತಂಗೀರು ಕೂತು ಉಪ್ಪಿನಕಾಯಿ ಮಾತಾಡೋದೇ ಕಥೆಯಂತೆ. ಕೇಳ್ರಿ ಬೇಕಾದ್ರೆ." ಅವಳು ಮೊಬೈಲನ್ನು ದೂರ ಹಿಡಿದು, ರೇಡಿಯೋದಲ್ಲಿ ಅಡುಗೆ ಹೇಳಿಕೊಡುವವರ ದನಿಯಲ್ಲಿ ಓದತೊಡಗಿದಳು. "'ಸಾಸಿವೆ ಹುರಿದಿದ್ದಾ, ಹಸೀದಾ?' 'ಹಸೀದು. ಹುರಿದ್ರೆ ಕಹಿ ಬರುತ್ತೆ.' 'ಉಪ್ಪು ಮುಂದಾಗಿದೆ.' 'ಈ ಸಲ ಕೈ ನಡುಗಿರಬೇಕು.'"

ಮೇಷ್ಟ್ರು ಅವಳ ದನಿಗೆ ನಗುತ್ತಲೇ ಪುಸ್ತಕ ತೆರೆದು ಪುಟ ತಿರುವುತ್ತಿದ್ದರು. ನಡುಗಿದ್ದು ಯಾರ ಕೈ ಎಂಬಂತೆ ಅವರ ಬೆರಳು ಒಂದು ಚೌಕದ ಮೇಲೆ ನಿಂತಿತು. ಜಯಕ್ಕ ಇನ್ನೂ ಅದೇ ದನಿಯಲ್ಲಿದ್ದಳು.

"'ಇನ್ನೊಂದು ಹೋಳು ಹಾಕಲಾ?' 'ಬೇಡ, ಇರ್ಲಿ.' 'ಯಾರಿಗೆ ಇರ್ಲಿ?'"

ಮೇಷ್ಟ್ರು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಆ ಚೌಕದಲ್ಲಿ ಮುಖಗಳಿರಲಿಲ್ಲ. ಮಂಚ, ಕಂಬಳಿ, ಮಂಚದ ಕೆಳಗೆ ಒಂದು ಜೊತೆ ಹಳೆಯ ಚಪ್ಪಲಿ, ನೆಲದ ಮೇಲೆ ತಳ ಕಾಣುತ್ತಿದ್ದ ಉಪ್ಪಿನಕಾಯಿ ಜಾಡಿ. ತೀರಿಹೋದ ತಾಯಿ ಹಾಕಿಟ್ಟಿದ್ದ ಕೊನೆಯ ಜಾಡಿಯನ್ನು ಇಬ್ಬರು ಹೆಣ್ಣುಮಕ್ಕಳು ದಿನಕ್ಕಿಷ್ಟು ತಿಂದು ಮುಗಿಸುತ್ತಿದ್ದರು. ಅವರು ಅಮ್ಮ ಎಂಬ ಒಂದು ಮಾತನ್ನೂ ಆಡುವುದಿಲ್ಲ.

ಜಯಕ್ಕ ಮೊಬೈಲನ್ನು ಕೆಳಗಿಟ್ಟು ಆ ಚೌಕದ ಮೇಲೆ ಬಗ್ಗಿದಳು. ಆಗ ಹೊರಗೆ ಮಳೆ ಬರುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ. ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಪಕ್ಕದ ನಲ್ಲಿಯಲ್ಲಿ ಯಾರೋ ಕೈ ತೊಳೆಯುತ್ತಿದ್ದುದು ಮಾತ್ರ ಖಂಡಿತ.

"ಮೊದಲಿಂದ ಓದಮ್ಮ," ಎಂದರು ಮೇಷ್ಟ್ರು. "ಆ ದನಿ ಬಿಟ್ಟು ಓದು."

ಜಯಕ್ಕ ಓದಿದಳು, ಮೇಷ್ಟ್ರು ಪುಟ ತಿರುವಿದರು. ಅಷ್ಟು ದಿನ ನಾವು ತೂಗಿದ್ದು ಪುಸ್ತಕಗಳನ್ನಲ್ಲ, ಸೀಳಿದ ಎರಡು ಹೋಳುಗಳನ್ನು ಎಂದು ನನಗೆ ಆ ಟೇಬಲ್ಲಿನಲ್ಲಿ ಅನ್ನಿಸಿತು. ಉಳಿದ ಪುಸ್ತಕಗಳನ್ನು ಹಾಗೆ ಸೀಳಿದರೆ ಒಂದಾದರೂ ಹೋಳು ನಿಲ್ಲುತ್ತಿತ್ತು. ಇದನ್ನು ಸೀಳಿದರೆ ಎರಡೂ ಬೀಳುತ್ತಿದ್ದವು, ಏಕೆಂದರೆ ಅವಳು ಕಥೆಯನ್ನು ಇಟ್ಟದ್ದು ಎರಡರ ಮಧ್ಯದಲ್ಲಿ.

"ಅಂಕ ತಿದ್ದೋಣ," ಎಂದೆ. ಪವಿತ್ರಳ ವಿಷಯವನ್ನೂ ಹೇಳಿದೆ, ಎರಡನೇ ಭಾಗ, ಪ್ರಕಾಶಕ, ಫ್ಲೆಕ್ಸ್ ಅಂಗಡಿ ಎಲ್ಲವನ್ನೂ.

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಹಾಕಿದ್ ಮಾರ್ಕು ಹಾಕಿದ್ದೇ ಹರೀಶಪ್ಪ. ಇವಳಿಗೆ ತಿದ್ದಿದ್ರೆ ಆ ದೇವಿಯರ ಪುಸ್ತಕದೋನು ಕೇಳಲ್ವಾ? ಮಾತಿಲ್ದೆ ನೋಡಿದ್ರೆ ಆ ಚಿತ್ರಕ್ಕೆ ಈಗ್ಲೂ ನಾಲ್ಕೇ."

"ಚಿತ್ರ ಇಲ್ದೆ ನನ್ ಕಥೆಗೂ ನಾಲ್ಕೇ," ಎಂದಳು ಜಯಕ್ಕ. "ಸುಳ್ಳು ಹೇಳೋದು ಬ್ಯಾಡ."

"ಹಾಗಾದರೆ ಆ ಹುಡುಗಿ ಗತಿ?"

"ಒಟ್ಟು ಹದಿನೆಂಟು ಅಂತ ಬರಿ."

ಇದನ್ನು ಅಂದವರು ಯಾರು? ಮೇಷ್ಟ್ರ ದನಿಯಲ್ಲೂ ಕೇಳಿಸುತ್ತದೆ, ಜಯಕ್ಕನ ದನಿಯಲ್ಲೂ ಕೇಳಿಸುತ್ತದೆ. ಅಂದ ಕೂಡಲೇ ಮೂವರೂ ನಕ್ಕೆವು, ನಕ್ಕ ಮೇಲೆ ಅದೇ ಸರಿ ಎಂದು ಮೂವರಿಗೂ ಕಂಡಿತು. ಅಲ್ಲೇ ಕೂತು ಬರೆದೆ. ಕೊನೆಯ ಪ್ಯಾರಾದಲ್ಲಿ ಲೆಕ್ಕದ ಕಾರಣವನ್ನೂ ವಿವರಿಸಿದೆ: ಕಥೆ ನಾಲ್ಕು, ಚಿತ್ರ ನಾಲ್ಕು, ಒಟ್ಟು ಹದಿನೆಂಟು, ಮಿಕ್ಕ ಹತ್ತು ಎರಡೂ ಕೂಡುವ ಜಾಗದ್ದು. ಅವತ್ತೇ ಪತ್ರಿಕೆಗೆ ಕಳಿಸಿದೆ. ರೈಲು ಹತ್ತುವಾಗ ಜಯಕ್ಕ, "ಹುಡುಗೀಗೆ ಈಗ್ಲೇ ಹೇಳ್ಬ್ಯಾಡ ಕಣೋ, ಅಚ್ಚಲ್ಲೇ ನೋಡ್ಲಿ," ಎಂದಳು.

ಪತ್ರಿಕೆ ಅಚ್ಚಿಗೆ ಹೋದ ದಿನ ಅಲ್ಲಿಂದ ಯಾರೋ ಹೊಸ ಹುಡುಗ ಫೋನು ಮಾಡಿದ. ದನಿಯಲ್ಲಿ ಉತ್ಸಾಹ. "ಸಾರ್, ಜಾಗ ಸಾಲ್ಲಿಲ್ಲ, ಕೊನೆ ಪ್ಯಾರಾ ತೆಗೆದಿದೀವಿ. ಮತ್ತೆ ಕೂಡೋದ್ರಲ್ಲಿ ಒಂದು ತಪ್ಪಾಗಿತ್ತು, ನಾನೇ ನೋಡಿ ಸರಿ ಮಾಡ್ದೆ. ಎಂಟು."

ಆಗಲೇ ಅಚ್ಚಾಗಿತ್ತು. ಗೆಳೆಯ ರಜದಲ್ಲಿದ್ದ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು, ಬಾಳೆಹಣ್ಣಿನ ಸಿಪ್ಪೆಯಷ್ಟು ಅಗಲ, ಓದಿದವರಿಗೆ ಅರ್ಥವಾಗದ ಹಾಗೆ. ಪ್ರಕಾಶಕರು ಬರಹ ಓದಲಿಲ್ಲ, ಕೆಳಗಿನ ಅಂಕಿ ಓದಿದರು. ನಾನು ಫೋನು ಮಾಡಿ ಹೇಳಿದ್ದಕ್ಕೆ, "ನಾಲ್ಕೂ ನಾಲ್ಕೂ ಎಂಟೇ ಅಲ್ವಾ ಸಾರ್, ಇದ್ರಲ್ಲಿ ವಾದ ಏನಿದೆ," ಎಂದರು.

ಪವಿತ್ರ ಅತ್ತಳೋ ಇಲ್ಲವೋ ನನಗೆ ತಿಳಿಯದು. ಮುಂದಿನ ಭಾನುವಾರ ಬೀರೂರಿಗೆ ಬಾ ಎಂದು ಜಯಕ್ಕ ಅವಳನ್ನು ಕರೆಸಿದಳು. ದೊಡ್ಡ ರೆಕ್ಸಿನ್ ಚೀಲ ಹೊತ್ತು ಬಂದಳು, ಒಳಗೆ ಎರಡನೇ ಭಾಗದ ಹಾಳೆಗಳು. ಮೇಷ್ಟ್ರು ಟೇಬಲ್ಲನ್ನು ತಮ್ಮ ಕರ್ಚೀಫಿನಿಂದ ತಾವೇ ಒರೆಸಿದರು. ಪೆನ್ಸಿಲ್ ಚಿತ್ರಗಳು, ಗುಳ್ಳೆಗಳೆಲ್ಲ ಖಾಲಿ, ಮಾತು ಇನ್ನೂ ತುಂಬಿರಲಿಲ್ಲ. ಮಾತುಗಳಿದ್ದ ಹಾಳೆಯನ್ನು ಜಯಕ್ಕ ಇಸಿದುಕೊಂಡಳು. ಅವಳು ಓದಿದ ಹಾಗೆ ಮೇಷ್ಟ್ರು ಒಂದೊಂದೇ ಹಾಳೆ ಎತ್ತಿ ಹಿಡಿದರು, ಅಂಚಿಗೆ ಬೆರಳಿನ ಗುರುತು ಬೀಳದಂತೆ. ಪಕ್ಕದ ಟೇಬಲ್ಲಿನವರು ಇಡ್ಲಿ ಬಿಟ್ಟು ಇತ್ತ ತಿರುಗಿ ಕೂತಿದ್ದರು. ಎರಡನೇ ಭಾಗದಲ್ಲಿ ಜಾಡಿ ಖಾಲಿಯಾಗಿದೆ. ಅಕ್ಕನಿಗೂ ತಂಗಿಗೂ ಅದು ಬೇಕು, ಇಬ್ಬರೂ ಒಬ್ಬರಿಗೊಬ್ಬರು "ನೀನೇ ತಗಂಡ್ ಹೋಗೇ" ಎನ್ನುತ್ತಾರೆ, ಹಾಗನ್ನುವಾಗ ಇಬ್ಬರ ಕೈಯೂ ಜಾಡಿಯ ಮೇಲಿರುತ್ತದೆ.

ಮುಗಿದ ಮೇಲೆ ಪವಿತ್ರ ಮೆಲ್ಲಗೆ, "ಎಷ್ಟ್ ಹಾಕ್ತೀರಿ ಸಾರ್?" ಎಂದಳು.

"ಇವತ್ತು ಭಾನುವಾರ ಕಣಮ್ಮ," ಎಂದರು ಮೇಷ್ಟ್ರು. "ಮೇಷ್ಟ್ರಿಗೆ ರಜ."

ಅವಳು ನಕ್ಕಳು. ಚೀಲ ಹೆಗಲಿಗೆ ಹಾಕಿಕೊಂಡು ಫ್ಲೆಕ್ಸ್ ಅಂಗಡಿ ಎಲ್ಲಿದೆ ಎಂದು ಹೋಟೆಲಿನವರನ್ನು ಕೇಳಿ ಆ ಕಡೆ ಹೋದಳು. ಪತ್ರಿಕೆಯ ಆ ಪುಟ ಮುಂದೆ ಹೆಚ್ಚು ದಿನ ನಡೆಯಲಿಲ್ಲ. ನಾನೂ ಪೆಟ್ಟಿಗೆ ಕಟ್ಟಿ ಬೇರೆ ಜಿಲ್ಲೆಗೆ ಹೋದೆ. ಮೇಷ್ಟ್ರು ಎರಡು ವರ್ಷದ ಹಿಂದೆ ತೀರಿಕೊಂಡರು.

ಇಷ್ಟನ್ನೂ ನೆನೆದುಕೊಂಡು ಕಳೆದ ತಿಂಗಳು ಸ್ಟೇಷನ್ನಿನ ಹೊರಗೇ ನಿಂತು ಜಯಕ್ಕನಿಗೆ ಫೋನು ಮಾಡಿದೆ. ಮಾತು ಆ ಎರಡನೇ ಭಾಗಕ್ಕೆ ಬಂತು. ಅದರ ಕೊನೆಯ ಪುಟ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಎಂದೆ: ತೊಳೆದ ಜಾಡಿಯನ್ನು ಜಗಲಿಯ ಮೇಲೆ ಬಿಸಿಲಿಗೆ ಬೋರಲು ಹಾಕಿದೆ, ಅಕ್ಕತಂಗಿಯರು ಇಬ್ಬರೂ ಇಲ್ಲ.

"ಜಗಲಿ ಎಲ್ಲಿತ್ತೋ?" ಎಂದಳು ಜಯಕ್ಕ. "ತಂಗಿ ಬಸ್ಸಲ್ಲಿ ಕೂತಿದ್ಲು. ಜಾಡಿ ಮಡ್ಲಲ್ಲಿತ್ತು. ಅಷ್ಟೂ ನೆನಪಿಲ್ವಾ, ಏನ್ ಇತಿಹಾಸ ಓದಿದ್ಯೋ."

ಮೇಷ್ಟ್ರಿದ್ದಿದ್ದರೆ ಕೇಳಬಹುದಿತ್ತು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಪವಿತ್ರ ಈಗ ಅದೇ ರಸ್ತೆಯಲ್ಲಿ ಸ್ವಂತ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾಳೆ ಎಂದು ಜಯಕ್ಕನೇ ಹೇಳಿದಳು. ಹುಡುಕಿಕೊಂಡು ಹೋದೆ. ಕಂಪ್ಯೂಟರಿನ ಮುಂದೆ ಕೂತು ಯಾರದೋ ಗೃಹಪ್ರವೇಶದ ಬ್ಯಾನರಿಗೆ ಗಣಪತಿಯನ್ನು ಕೂರಿಸುತ್ತಿದ್ದಳು. ಗುರುತು ಹಿಡಿದು ಎದ್ದು ನಿಂತು ಕುರ್ಚಿ ಒರೆಸಿದಳು. ಕಾಫಿ ಬಂತು. ಕೊನೆಯ ಪುಟದ ವಿಷಯ ಕೇಳಿದೆ. ನನಗೂ ಜಯಕ್ಕನಿಗೂ ವ್ಯಾಜ್ಯ, ನೀನೇ ತೀರಿಸು ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಕೊನೆ ಪುಟ ನಾನು ಬರ್ದೇ ಇರ್ಲಿಲ್ಲ ಸಾರ್."

"ಅವತ್ತು ತಂದಿದ್ದೆಯಲ್ಲ?"

"ಇಬ್ರ ಕೈನೂ ಜಾಡಿ ಮೇಲಿರ್ತದಲ್ಲ, ಅಲ್ಲಿಗಂಟ ತಂದಿದ್ದೆ. ಯಾರು ತಗಂಡ್ ಹೋಗ್ತಾರೆ ಅಂತ ನಂಗೇ ಗೊತ್ತಾಗಿರ್ಲಿಲ್ಲ. ಪ್ರಕಾಶಕರು ಹ್ಞೂ ಅಂದ್ರೆ ಆಗ ಯೋಚ್ನೆ ಮಾಡಣ ಅಂತ ಬಿಟ್ಟಿದ್ದೆ. ಆಮೇಲೆ ಕೂರ್ಲೇ ಇಲ್ಲ."

ಬಿಸಿಲಿನಲ್ಲಿ ಬೋರಲು ಬಿದ್ದ ಆ ಜಾಡಿಯ ನೆರಳು ಯಾವ ಕಡೆಗಿತ್ತು ಎಂಬುದನ್ನೂ ನಾನು ಹೇಳಬಲ್ಲವನಾಗಿದ್ದೆ.

"ಜಯಕ್ಕ ಏನಂದ್ರು, ಇನ್ನೊಂದ್ಸಲ ಹೇಳಿ?" ಎಂದಳು ಪವಿತ್ರ.

ಹೇಳಿದೆ. ಅವಳು ಪರದೆಯ ಮೇಲಿನ ಗಣಪತಿಯನ್ನು ಅಲ್ಲೇ ಬಿಟ್ಟು, ಡ್ರಾಯರಿನ ತಳಕ್ಕೆ ಕೈ ಹಾಕಿ ತಡಕಾಡಿದಳು. ಪೆನ್ಸಿಲು ಸಿಕ್ಕಿತು, ಮೊನೆ ಇರಲಿಲ್ಲ. ಬ್ಲೇಡು ಹುಡುಕಿ ಹೆರೆದಳು. ಒಂದು ಬಿಲ್ಲಿನ ಹಿಂಬದಿ ತಿರುಗಿಸಿಕೊಂಡು ಚೌಕ ಎಳೆದಳು.

"ಫೋನ್ ಮಾಡಿ ಸಾರ್ ಅವ್ರಿಗೆ. ಸ್ಪೀಕರಿಗೆ ಹಾಕಿ. ತಂಗಿ ಕಿಟಕಿ ಕಡೆ ಕೂತಿದ್ಲಾ, ಈ ಕಡೆನಾ, ಕೇಳಿ."

ಜಯಕ್ಕ ಮೊದಲ ರಿಂಗಿಗೇ ಫೋನು ಎತ್ತಿದಳು. ಕೇಳಿದೆ.

"ಕಿಟಕಿ ಕಡೆ ಕಣೋ, ಇನ್ನೆಲ್ಲಿ ಕೂರ್ತಾಳೆ?" ಎಂದಳು, ಅನುಮಾನದ ಎಳೆಯೂ ಇಲ್ಲದ ದನಿಯಲ್ಲಿ. "ಸೆರಗು ಜಾಡಿ ಬಾಯಿಗೆ ಮುಚ್ಚಿದ್ಲು, ಧೂಳು ಬೀಳ್ದಂಗೆ. ಖಾಲಿ ಜಾಡಿಗೆ ಯಾಕೆ ಮುಚ್ಚಬೇಕು ಅಂತ ಮೇಷ್ಟ್ರು ಕೇಳಿದ್ರಲ್ಲ ಅವತ್ತು, ಮರ್ತೋಯ್ತಾ?"

ಪವಿತ್ರ ಬಗ್ಗಿ ಸೆರಗು ಎಳೆಯುತ್ತಿದ್ದಳು. ಆ ಪುಟ ಇರಲೇ ಇಲ್ಲ ಎಂದು ನಾವಿಬ್ಬರೂ ಜಯಕ್ಕನಿಗೆ ಹೇಳಲಿಲ್ಲ.

"ಕೇಳು," ಎಂದಳು ಪವಿತ್ರ, ತಲೆ ಎತ್ತದೆ, ಸಾರ್ ಎನ್ನುವುದನ್ನೂ ಮರೆತು, "ಮುಂದೇನಾಯ್ತಂತೆ?"